ಬದುವಿಲ್ಲದ ಹೊಲಗಳ ಊರು ಲ್ಯಾಕ್ಸ್‌ಟನ್: ಮೂರು ಹೊಲ, ಒಂದು ಜ್ಯೂರಿ, 1635ರ ಒಂದು ನಕ್ಷೆ

ನಕ್ಷೆಮನೆ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರಿನಲ್ಲಿ, ಆಲರ್ಟನ್, ಟಕ್ಸ್‌ಫರ್ಡ್ ಎಂಬ ಪೇಟೆಗಳ ಹತ್ತಿರ ಲ್ಯಾಕ್ಸ್‌ಟನ್ ಅಂತ ಒಂದು ಸಣ್ಣ ಊರಿದೆ. ಉದ್ದನೆಯ ಬೀದಿ, ಒಂದು ಚರ್ಚು, ಒಂದು ಪಬ್ಬು, ಊರ ಬಡಗಣಕ್ಕೆ ಹಳೆಯ ಮಣ್ಣಿನ ಕೋಟೆಯ ದಿಬ್ಬ. ಇಷ್ಟೇ ಆಗಿದ್ದರೆ ಅಂಥ ಊರು ಆ ದೇಶದಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೆ ಇಲ್ಲಿ ಊರ ಹೊರಗೆ ಮೂರು ವಿಶಾಲ ಹೊಲಗಳಿವೆ: ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್. ಒಂದೊಂದರಲ್ಲೂ ಹಲವು ರೈತರ ಪಟ್ಟಿಗಳು ಅಕ್ಕಪಕ್ಕ ಮಲಗಿವೆ. ನಡುವೆ ಬೇಲಿಯಿಲ್ಲ, ಬದುವಿಲ್ಲ, ಗೋಡೆಯಿಲ್ಲ. ನಡು ಇಂಗ್ಲೆಂಡಿನ ಬಹುಪಾಲು ಊರುಗಳು ಒಂದು ಕಾಲದಲ್ಲಿ ಹೀಗೇ ಇದ್ದವು. ಮ್ಯಾನರ್, ಅಂದರೆ ಊರೊಡೆಯನ ಆಸ್ತಿಯ ನ್ಯಾಯಸಭೆಯೇ ಹೊಲವನ್ನು ಆಳುವ ಪೂರ್ತಿ ವ್ಯವಸ್ಥೆ ಇವತ್ತಿಗೂ ನಡೆಯುತ್ತಿರುವುದು ಲ್ಯಾಕ್ಸ್‌ಟನ್‌ನಲ್ಲಿ ಮಾತ್ರ.

ಈ ಊರಿನ ಬಗ್ಗೆ ಕನ್ನಡದಲ್ಲಿ ಎಲ್ಲೂ ಒಟ್ಟಾಗಿ ಓದಲು ಸಿಗುವುದಿಲ್ಲ, ಹಾಗಾಗಿ ಇಲ್ಲೇ ಸೇರಿಸೋಣ. ನನಗೆ ಮುಖ್ಯವಾಗಿ ಬೇಕಿರುವುದು ಮೂರು ವಿಷಯ. ಬದುವಿಲ್ಲದೆ ಯಾರ ನೆಲ ಎಲ್ಲಿಗೆ ಮುಗಿಯುತ್ತದೆ ಅಂತ ಹೇಗೆ ಗೊತ್ತಾಗುತ್ತದೆ? ಹೊಲ ಮೂರೇ ಏಕೆ? ಸುತ್ತಲಿನ ಊರುಗಳಲ್ಲೆಲ್ಲ ಅಳಿದುಹೋದದ್ದು ಇಲ್ಲಿ ಹೇಗೆ ಉಳಿಯಿತು? ತಿಳಿದವರು ಅಳತೆ, ವರ್ಷ ಸಮೇತ ಬರೆಯಿರಿ.

ಹಳೆಕಡತ

ಊರಿನ ಹಿನ್ನೆಲೆ ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ, ಮುಂದಿನ ಮಾತಿಗೆ ಅದು ಬೇಕು.

ಹೆಸರಿನ ಕೊನೆಯ 'ಟನ್' ಅನ್ನುವುದು ಹಳೆಯ ಇಂಗ್ಲಿಷಿನ 'ಟೂನ್', ಅಂದರೆ ಹೊಲಮನೆ, ಊರು. 1086ರಲ್ಲಿ ವಿಲಿಯಂ ದೊರೆ ಮಾಡಿಸಿದ ಡೂಮ್ಸ್‌ಡೇ ಲೆಕ್ಕದ ಪುಸ್ತಕದಲ್ಲಿ ಈ ಊರಿದೆ. ನಾರ್ಮನ್ನರು ಬರುವ ಮೊದಲು ಟೋಕಿ ಎಂಬವನ ಕೈಲಿದ್ದ ಊರು ಆಗ ಜೆಫ್ರಿ ಆಲ್ಸೆಲಿನ್ ಎಂಬ ನಾರ್ಮನ್ ಒಡೆಯನದಾಗಿತ್ತು. ಆಮೇಲೆ ಡಿ ಕೋ ಮನೆತನ, ಅದರ ನಂತರ ಎವರಿಂಗ್‌ಹ್ಯಾಮ್ ಮನೆತನ. ಇವರಿಗೆ ನಾಟಿಂಗ್‌ಹ್ಯಾಮ್ ಮತ್ತು ಡರ್ಬಿ ಸೀಮೆಯ ರಾಜಾರಣ್ಯ ಕಾಯುವ ವಂಶಪಾರಂಪರ್ಯ ಹುದ್ದೆಯಿತ್ತು. ಶೆರ್ವುಡ್ ಕಾಡು ಅದರೊಳಗೇ ಬರುತ್ತದೆ. ಅಷ್ಟು ಚಿಕ್ಕ ಊರಿಗೆ ಅಷ್ಟು ದೊಡ್ಡ ಕೋಟೆ ದಿಬ್ಬ ಯಾಕೆ ಅನ್ನುವುದಕ್ಕೆ ಉತ್ತರ ಈ ಹುದ್ದೆಯಲ್ಲಿದೆ. ಚರ್ಚಿನೊಳಗೆ ಎವರಿಂಗ್‌ಹ್ಯಾಮ್‌ಗಳ ಸಮಾಧಿ ಪ್ರತಿಮೆಗಳಿವೆ, ಅದರಲ್ಲಿ ಒಂದು ಮರದ್ದು. ಅಂಥ ಮರದ ಪ್ರತಿಮೆ ಇಂಗ್ಲೆಂಡಿನಲ್ಲಿ ಅಪರೂಪ.

ಊರಿನ ವಿನ್ಯಾಸ ಗಮನಿಸಿ. ರೈತರ ಮನೆಗಳೆಲ್ಲ ಬೀದಿಯ ಮೇಲೇ ಇವೆ, ಹೊಲದ ನಡುವೆ ಒಂಟಿ ಮನೆ ಇಲ್ಲ. ಒಂದೊಂದು ಮನೆಯ ಹಿಂದೆ ಉದ್ದನೆಯ ಹಿತ್ತಿಲು. ಬೇರೆ ಊರುಗಳಲ್ಲಿ ಜಮೀನು ಒಟ್ಟುಗೂಡಿದ ಮೇಲೆ ರೈತರು ತಮ್ಮ ಜಮೀನಿನ ನಡುವೆ ಮನೆ ಕಟ್ಟಿಕೊಂಡು ಹೊರಟುಹೋದರು. ಲ್ಯಾಕ್ಸ್‌ಟನ್ ರೈತನ ನೆಲ ಮೂರು ದಿಕ್ಕಿನಲ್ಲಿ ಚದುರಿರುವುದರಿಂದ, ಎಲ್ಲದಕ್ಕೂ ಹತ್ತಿರವಾದ ಜಾಗ ಅಂದರೆ ಊರ ಬೀದಿಯೇ.

ಗುಂಟೆಲೆಕ್ಕ

ಅಳತೆಯಿಂದ ಶುರು ಮಾಡಿದರೆ ಅರ್ಧ ಗೊಂದಲ ಕಳೆಯುತ್ತದೆ. ನಮ್ಮ ಪಹಣಿಯಲ್ಲಿರುವ ಎಕರೆ ಈ ಹೊಲಗಳಲ್ಲೇ ಹುಟ್ಟಿದ ಅಳತೆ.

ಇಂಗ್ಲಿಷರ 'ಫರ್ಲಾಂಗ್' ಅಂದರೆ ಒಂದು ಸಾಲಿನ ಉದ್ದ, ಎತ್ತಿನ ಜೋಡಿಗಳು ದಣಿವಾರಿಸಿಕೊಳ್ಳದೆ ಎಳೆಯುವ ದೂರ. ಅದು 220 ಗಜ. ಅಗಲಕ್ಕೆ 'ರಾಡ್' ಎಂಬ ಕೋಲು: ಐದೂವರೆ ಗಜ, ಅಂದರೆ ಹದಿನಾರೂವರೆ ಅಡಿ. ನಾಲ್ಕು ರಾಡ್ ಅಗಲ, ಒಂದು ಫರ್ಲಾಂಗ್ ಉದ್ದದ ಪಟ್ಟಿ ಒಂದು ಎಕರೆ: 22 × 220 = 4,840 ಚದರ ಗಜ. ಒಂದೇ ರಾಡ್ ಅಗಲದ ಪಟ್ಟಿಯಾದರೆ ಕಾಲು ಎಕರೆ, ಅದಕ್ಕೆ 'ರೂಡ್' ಅನ್ನುತ್ತಾರೆ.

ಈಗ ನಮ್ಮ ಕಡೆಗೆ ಬನ್ನಿ. ಬ್ರಿಟಿಷರ ಕಂದಾಯ ಸರ್ವೆಯಲ್ಲಿ ಬಳಕೆಯಾದ ಸರಪಳಿ 33 ಅಡಿ, ಅದರಲ್ಲಿ 16 ಆಣೆ. 33 ಅಡಿ ಚೌಕ ಒಂದು ಗುಂಟೆ, ಅಂದರೆ 121 ಚದರ ಗಜ. 40 ಗುಂಟೆಗೆ ಒಂದು ಎಕರೆ. ಒಂದು ಚದರ ರಾಡ್ 30¼ ಚದರ ಗಜ. ನಾಲ್ಕರಿಂದ ಗುಣಿಸಿ, ಸರಿಯಾಗಿ 121 ಬರುತ್ತದೆ. ಆದ್ದರಿಂದ ಲ್ಯಾಕ್ಸ್‌ಟನ್‌ನ ಹಳೆಯ ದಾಖಲೆಯಲ್ಲಿ 'ಒಂದು ರೂಡ್' ಅಂತಿದ್ದರೆ ನೀವು ಹತ್ತು ಗುಂಟೆ ಅಂತ ಓದಿಕೊಳ್ಳಬಹುದು, ಚೂರೂ ವ್ಯತ್ಯಾಸವಿಲ್ಲ. 33 ಅಡಿಯ ಸರಪಳಿ ಎಡ್ಮಂಡ್ ಗಂಟರ್ 1620ರಲ್ಲಿ ರೂಪಿಸಿದ 66 ಅಡಿಯ ಸರಪಳಿಯ ಅರ್ಧ.

ಎಡವುವ ಜಾಗ ಒಂದಿದೆ. ಎಕರೆ ಅಂದರೆ ಬರೀ ವಿಸ್ತೀರ್ಣ ಅಂತ ನಾವು ಈಗ ಓದುತ್ತೇವೆ. ಹಳೆಯ ಇಂಗ್ಲಿಷ್ ರೈತನಿಗೆ ಅದಕ್ಕೊಂದು ಆಕಾರವೂ ಇತ್ತು: ಉದ್ದ ಅಗಲದ ಹತ್ತರಷ್ಟು. ಒಂದು ದಿನದ ಉಳುಮೆ ಅನ್ನುವ ಅರ್ಥವೂ ಇತ್ತು. ಒಂದು ಸಾಲು ಹತ್ತು ಅಂಗುಲ ಅಂತಿಟ್ಟುಕೊಂಡರೆ 66 ಅಡಿ ಅಗಲಕ್ಕೆ 79 ಸಾಲು. 79 ಸಲ 220 ಗಜ ನಡೆದರೆ ಸುಮಾರು 16 ಕಿಲೋಮೀಟರ್. ಎತ್ತು ಮತ್ತು ಆಳು ಒಂದು ದಿನಕ್ಕೆ ಅದಕ್ಕಿಂತ ಹೆಚ್ಚು ನಡೆಯುವುದು ಕಷ್ಟ.

ಎರೆನೆಲ

ಗುಂಟೆಲೆಕ್ಕ ಅವರು ಹೇಳಿದ ಉದ್ದಪಟ್ಟಿ ಯಾಕೆ ಹುಟ್ಟಿತು ಅಂದರೆ, ನೇಗಿಲಿನ ದೆಸೆಯಿಂದ. ನಮ್ಮ ಮರದ ನೇಗಿಲು ಮಣ್ಣನ್ನು ಸೀಳುತ್ತದೆ, ಎರಡೂ ಕಡೆ ಸ್ವಲ್ಪ ಸರಿಸುತ್ತದೆ. ಆ ಸೀಮೆಯ ಭಾರದ ನೇಗಿಲಿಗೆ ಮೂರು ಭಾಗ: ಮುಂದೆ ನೆಲವನ್ನು ನೇರ ಕೊಯ್ಯುವ ಕತ್ತಿ, ಅದರ ಹಿಂದೆ ಅಡ್ಡಡ್ಡ ಕತ್ತರಿಸುವ ಕುಳ, ಬಲಗಡೆ ಆ ಮಣ್ಣಿನ ಹೆಂಟೆಯನ್ನು ಮಗುಚಿ ಹಾಕುವ ಹಲಗೆ. ಮಣ್ಣು ಯಾವಾಗಲೂ ಬಲಕ್ಕೇ ಬೀಳುತ್ತದೆ. ಲ್ಯಾಕ್ಸ್‌ಟನ್‌ನದು ಕೆಂಪು ಜೇಡಿ, ಮಳೆಗಾಲದಲ್ಲಿ ಅಂಟು, ಒಣಗಿದರೆ ಕಲ್ಲು. ಇಂಥ ನೆಲದಲ್ಲಿ ಈ ನೇಗಿಲೆಳೆಯಲು ಎರಡೆರಡರಂತೆ ಎಂಟು ಎತ್ತು ಹೂಡುವುದು ವಾಡಿಕೆ. ಎಂಟೆತ್ತಿನ ಸಾಲು ತಿರುಗಿಸುವುದು ದೊಡ್ಡ ಕೆಲಸ. ಆದ್ದರಿಂದ ಎಷ್ಟು ಕಡಿಮೆ ಸಲ ತಿರುಗಿಸಬೇಕೋ ಅಷ್ಟು ಒಳ್ಳೆಯದು, ಪಟ್ಟಿ ಉದ್ದವಾಯಿತು.

ಉಳುವ ಕ್ರಮ ಹೀಗೆ. ಪಟ್ಟಿಯ ನಟ್ಟನಡುವೆ ಒಂದು ಸಾಲು ಹೊಡೆದು, ಪಕ್ಕದಲ್ಲೇ ವಾಪಸು ಬರಬೇಕು, ಎರಡು ಹೆಂಟೆಗಳು ಒಂದಕ್ಕೊಂದು ಒರಗುತ್ತವೆ. ಆಮೇಲೆ ನಡುಭಾಗ ಸದಾ ಬಲಗೈಗೆ ಇರುವಂತೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತ ಅಂಚಿಗೆ ಹೋಗಬೇಕು. ಪ್ರತಿ ಸುತ್ತಿಗೂ ಮಣ್ಣು ನಡುವಿಗೆ ಸೇರುತ್ತದೆ. ಹೀಗೆ ನೂರಾರು ವರ್ಷ ಉತ್ತರೆ ಪಟ್ಟಿಯ ನಡು ಉಬ್ಬಿ ಅಂಚು ತಗ್ಗಾಗುತ್ತದೆ. ಹಳೆಯ ಹುಲ್ಲುಗಾವಲುಗಳಲ್ಲಿ ಈ ಉಬ್ಬುತಗ್ಗು ಎರಡಡಿ ಎತ್ತರದವರೆಗೂ ಉಳಿದಿರುವುದುಂಟು. ತಗ್ಗಿನಲ್ಲಿ ನೀರು ಹರಿದು ಹೋಗುತ್ತದೆ, ಉಬ್ಬಿನ ಮೇಲೆ ಗೋಧಿ ಕೊಳೆಯದೆ ನಿಲ್ಲುತ್ತದೆ. ಕೊಳವೆ ಹೂಳುವ ಪದ್ಧತಿ ಬರುವ ಮೊದಲು ಜೇಡಿ ನೆಲಕ್ಕೆ ಇದೇ ಬಸಿಗಾಲುವೆ.

ನಕ್ಷೆಮನೆ ಅವರ ಮೊದಲ ಪ್ರಶ್ನೆಗೂ ಉತ್ತರ ಇಲ್ಲಿದೆ. ಬದು ಬೇಕಾಗಿರಲಿಲ್ಲ, ಯಾಕೆಂದರೆ ತಗ್ಗೇ ಗಡಿ. ನನ್ನ ಉಬ್ಬು ನನ್ನದು, ನಿನ್ನ ಉಬ್ಬು ನಿನ್ನದು.

ಪಟ್ಟಿಗಳು ನೇರವಾಗಿರದೆ ಕನ್ನಡಿಯಲ್ಲಿ ಕಂಡ ಇಂಗ್ಲಿಷ್ ಎಸ್ ಅಕ್ಷರದಂತೆ ಬಾಗಿರುವುದಕ್ಕೂ ಎತ್ತುಗಳೇ ಕಾರಣ. ತುದಿ ಸಮೀಪಿಸುವ ಮೊದಲೇ ಎತ್ತಿನ ಸಾಲನ್ನು ಎಡಕ್ಕೆ ಎಳೆಯಲು ಶುರು ಮಾಡಬೇಕು, ಇಲ್ಲದಿದ್ದರೆ ತಿರುವಿಗೆ ಜಾಗ ಸಾಲದು. ಎರಡೂ ತುದಿಯಲ್ಲಿ ಹೀಗಾದರೆ ಪಟ್ಟಿ ಬಾಗುತ್ತದೆ.

ನಕ್ಷೆಮನೆ

ಬಹಳ ಚೆನ್ನಾಗಿ ಬಿಡಿಸಿ ಹೇಳಿದಿರಿ. ಒಂದು ಸಂದೇಹ. ಈಗಿನ ಲ್ಯಾಕ್ಸ್‌ಟನ್ ಹೊಲದ ಚಿತ್ರಗಳಲ್ಲಿ ಉಬ್ಬುತಗ್ಗು ಅಷ್ಟಾಗಿ ಕಾಣುವುದಿಲ್ಲವಲ್ಲ? ಹಾಗಾದರೆ ಈಗ ಗಡಿ ಯಾವುದು?

ಎರೆನೆಲ

ನಿಮ್ಮ ಗಮನ ಸರಿಯಾಗಿದೆ. ಉಳುಮೆ ಮುಂದುವರಿದ ಕಡೆ ಟ್ರ್ಯಾಕ್ಟರ್ ನೇಗಿಲು ಉಬ್ಬನ್ನು ತಟ್ಟಿಬಿಡುತ್ತದೆ. ಉಳುಮೆ ನಿಲ್ಲಿಸಿ ಹುಲ್ಲು ಬಿಟ್ಟ ಕಡೆಯಲ್ಲೇ ಅದು ಉಳಿಯುವುದು. ವ್ಯವಸ್ಥೆ ಸತ್ತ ಊರುಗಳಲ್ಲಿ ಅದರ ಗುರುತು ಹೆಚ್ಚು ಚೆನ್ನಾಗಿ ಕಾಣುತ್ತದೆ, ವ್ಯವಸ್ಥೆ ಬದುಕಿರುವ ಊರಿನಲ್ಲಿ ಗುರುತು ಮಾಸಿದೆ.

ಇನ್ನೊಂದು ಬದಲಾವಣೆ: 1903ರಿಂದ 1908ರ ನಡುವೆ ಆಗಿನ ಒಡೆಯ ಅರ್ಲ್ ಮ್ಯಾನ್ವರ್ಸ್‌ನ ಎಸ್ಟೇಟು ಚಿಕ್ಕ ಪಟ್ಟಿಗಳನ್ನು ಒಂದಕ್ಕೊಂದು ಸೇರಿಸಿ ದೊಡ್ಡದು ಮಾಡಿತು. ಅದರಿಂದ ಪಟ್ಟಿಗಳ ಸಂಖ್ಯೆ ಬಹಳ ಇಳಿಯಿತು. ಈಗ ಪಟ್ಟಿಯ ತುದಿಯಲ್ಲಿ ನೆಟ್ಟ ಗೂಟಗಳೇ ಗುರುತು. ಗೂಟದಿಂದ ಗೂಟಕ್ಕೆ ಕಣ್ಣಳತೆಯ ಗೆರೆ ಎಳೆದು ಉಳುತ್ತಾರೆ.

ಮೂಡಣಗಾಳಿ

ಹೊಲ ಮೂರೇ ಏಕೆ ಅನ್ನುವುದಕ್ಕೆ ಬರುತ್ತೇನೆ. ಬೆಳೆಯ ಸರದಿ ಮೂರು ವರ್ಷದ್ದು, ಒಂದು ವರ್ಷಕ್ಕೆ ಒಂದು ಹೊಲ.

ಒಂದೇ ಹೊಲವನ್ನು ಹಿಡಿದು ನೋಡಿ. ಅಕ್ಟೋಬರ್, ನವೆಂಬರಿನಲ್ಲಿ ಚಳಿಗಾಲದ ಗೋಧಿ ಬಿತ್ತುತ್ತಾರೆ. ಅದು ಹಿಮದಡಿಯಲ್ಲಿ ಸುಮ್ಮನಿದ್ದು ವಸಂತದಲ್ಲಿ ಎದ್ದು ಆಗಸ್ಟಿಗೆ ಕಟಾವಿಗೆ ಬರುತ್ತದೆ. ಆಮೇಲೆ ಕೂಳೆಯ ಮೇಲೆ ಊರ ದನ, ಕುರಿ ಮೇಯುತ್ತವೆ. ಮರುವರ್ಷ ಮಾರ್ಚಿನ ಹೊತ್ತಿಗೆ ಅದೇ ಹೊಲ ಉತ್ತು ಬಾರ್ಲಿ, ಬಟಾಣಿ, ಬೀನ್ಸ್ ಬಿತ್ತನೆ, ಸುಗ್ಗಿ ಮತ್ತೆ ಆಗಸ್ಟ್, ಸೆಪ್ಟೆಂಬರು. ಅಲ್ಲಿಂದ ಮುಂದಿನ ಅಕ್ಟೋಬರಿನವರೆಗೆ, ಹೆಚ್ಚುಕಡಿಮೆ ಹದಿಮೂರು ತಿಂಗಳು, ಬೀಳು. ಬೀಳು ಅಂದರೆ ಕೈಬಿಟ್ಟ ನೆಲ ಅಲ್ಲ. ಬೇಸಿಗೆಯಲ್ಲಿ ಎರಡು ಮೂರು ಸಲ ಉತ್ತು ಮುಳ್ಳುಗಿಡ, ಗರಿಕೆಯಂಥ ಬೇರುಕಳೆಯನ್ನು ಬಿಸಿಲಿಗೆ ಎತ್ತಿ ಒಣಗಿಸುತ್ತಾರೆ, ನಡುನಡುವೆ ಕುರಿ ನಿಲ್ಲಿಸಿ ಗೊಬ್ಬರ ಸೇರಿಸುತ್ತಾರೆ. ಮತ್ತೆ ಗೋಧಿ.

ಮೂರು ಹೊಲವೂ ಒಂದೊಂದು ವರ್ಷ ಹಿಂದೆಮುಂದೆ ಓಡುತ್ತಿರುವುದರಿಂದ ಯಾವ ವರ್ಷ ನೋಡಿದರೂ ಒಂದರಲ್ಲಿ ಗೋಧಿ, ಒಂದರಲ್ಲಿ ವಸಂತದ ಬೆಳೆ, ಒಂದು ಬೀಳು. ಪ್ರತಿ ರೈತನಿಗೂ ಮೂರು ಹೊಲದಲ್ಲೂ ಪಟ್ಟಿ ಇರಲೇಬೇಕು, ಇಲ್ಲದಿದ್ದರೆ ಒಂದು ವರ್ಷ ಅವನಿಗೆ ಗೋಧಿಯೇ ಇಲ್ಲ. ಚದುರಿದ ಪಟ್ಟಿಯನ್ನು ನೋಡಿ ಇದು ಬುದ್ಧಿಗೇಡಿ ಹಂಚಿಕೆ ಅನ್ನುವವರು ಈ ಲೆಕ್ಕವನ್ನು ಬಿಟ್ಟುಬಿಡುತ್ತಾರೆ. ಇನ್ನೊಂದು ಲಾಭವೂ ಇದೆ: ತಗ್ಗಿನ ಪಟ್ಟಿ ಮಳೆ ಹೆಚ್ಚಾದ ವರ್ಷ ಕೊಳೆತರೂ ಏರಿನ ಪಟ್ಟಿ ಕಾಪಾಡುತ್ತದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಬಿತ್ತಿದ ಒಂದಕ್ಕೆ ನಾಲ್ಕು ಬಂದರೆ ಸಾಮಾನ್ಯ ಬೆಳೆ. ಆ ನಾಲ್ಕರಲ್ಲಿ ಒಂದು ಮತ್ತೆ ಬೀಜಕ್ಕೆ. ಅಂಥವರಿಗೆ ಒಂದು ಕಡೆಯ ನೆಲ ಪೂರ್ತಿ ಹೋದರೆ ಆ ವರ್ಷ ಉಪವಾಸವೇ.

ಈಗ ಬೀಳಿನ ಸರದಿಯಲ್ಲಿ ಕ್ಲೋವರ್, ರೈ ಹುಲ್ಲಿನಂಥ ಮೇವು ಬೆಳೆದು ಒಣಹುಲ್ಲು ಮಾಡಿಕೊಳ್ಳುತ್ತಾರೆ.

ಪುಟಾಣಿಗರಿಕೆ

ಒಬ್ಬ ರೈತ ತನ್ನ ಪಟ್ಟಿಯಲ್ಲಿ ಬೇರೆ ಬೆಳೆ ಹಾಕುತ್ತೇನೆ ಅಂದರೆ?

ಮೂಡಣಗಾಳಿ

ವಸಂತದ ಹೊಲದಲ್ಲಿ ಬಾರ್ಲಿಯೋ ಬಟಾಣಿಯೋ ಅನ್ನುವುದು ಅವನಿಷ್ಟ. ಆದರೆ ಹೊಲದ ಸರದಿ ಮೀರಿದ ಬೆಳೆ ಆಗುವುದಿಲ್ಲ, ಮತ್ತು ಯಾಕೆ ಆಗುವುದಿಲ್ಲ ಅನ್ನುವುದರಲ್ಲಿ ಇಡೀ ವ್ಯವಸ್ಥೆ ಅಡಗಿದೆ. ಸುಗ್ಗಿಯಾದ ಮೇಲೆ ಹೊಲ ಮೇವಿಗೆ ತೆರೆಯುತ್ತದೆ. ಬೇಲಿಯಿಲ್ಲ, ಹಾಗಾಗಿ ತೆರೆದರೆ ಪೂರ್ತಿ ಹೊಲ ತೆರೆಯಬೇಕು. ಒಬ್ಬನು ತಡವಾಗಿ ಬಿತ್ತಿದರೆ ಎಲ್ಲರ ಕೂಳೆ ಸಿದ್ಧವಾದಾಗ ಅವನ ಪೈರು ಹಸಿರಾಗಿ ನಿಂತಿರುತ್ತದೆ. ಒಂದೋ ಅವನ ಪೈರು ಹೋಗಬೇಕು, ಇಲ್ಲವೋ ಊರಿನ ಕುರಿಗಳೆಲ್ಲ ಕಾಯಬೇಕು. ಕಳೆ ಕೀಳದವನ ಪಟ್ಟಿಯಿಂದ ಬೀಜ ಹಾರಿ ಪಕ್ಕದವನ ನೆಲಕ್ಕೆ ಬೀಳುತ್ತದೆ. ಕಾಲುವೆ ತೆಗೆಯದಿದ್ದರೆ ನೀರು ನಿಲ್ಲುವುದು ಮೇಲಿನವನ ಪಟ್ಟಿಯಲ್ಲಿ. ತಲೆಪಟ್ಟಿ, ಅಂದರೆ ಬೇರೆ ಪಟ್ಟಿಗಳ ತುದಿಗೆ ಅಡ್ಡವಾಗಿ ಬರುವ ಪಟ್ಟಿ ಯಾರದೋ ಅವನು ಎಲ್ಲರೂ ಉತ್ತು ಎತ್ತು ತಿರುಗಿಸುವುದು ಮುಗಿಯುವ ತನಕ ತನ್ನದನ್ನು ಬಿತ್ತುವ ಹಾಗಿಲ್ಲ. ಒಬ್ಬನ ತಪ್ಪು ಅವನ ಗಡಿಯಲ್ಲೇ ನಿಲ್ಲುವುದಿಲ್ಲ. ಅದಕ್ಕೇ ನ್ಯಾಯಸಭೆ.

ಹಳೆಕಡತ

ಆ ನ್ಯಾಯಸಭೆಯ ಹೆಸರು ಕೋರ್ಟ್ ಲೀಟ್. ಇದು ನನಗೆ ತುಂಬ ಪ್ರಿಯವಾದ ಭಾಗ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ನವೆಂಬರ್ ಕೊನೆಯ ಸುಮಾರಿಗೆ ಒಂದು ಗುರುವಾರ ಜ್ಯೂರಿ ದಿನ. ಹೊತ್ತು ಯಾಕೆ ಅದೇ ಅಂದರೆ, ಗೋಧಿ ಬಿತ್ತನೆ ಆಗಷ್ಟೇ ಮುಗಿದಿರುತ್ತದೆ, ನೇಗಿಲಿನ ಗೆರೆ ಹಸಿಯಾಗಿರುತ್ತದೆ, ಯಾರು ಎಲ್ಲಿಯವರೆಗೆ ಉತ್ತರು ಅನ್ನುವುದು ಬರಿಗಣ್ಣಿಗೆ ಕಾಣುತ್ತದೆ. ಎರಡು ತಿಂಗಳು ಬಿಟ್ಟು ಹೋದರೆ ಪೈರೆದ್ದು ಗೆರೆ ಮುಚ್ಚುತ್ತದೆ. ಊರಿನ ರೈತರಿಂದಲೇ ಆಯ್ಕೆಯಾದ ಜ್ಯೂರಿ ಮತ್ತು ಅವರ ಮುಖ್ಯಸ್ಥ ಡವ್‌ಕೋಟ್ ಇನ್ ಪಬ್ಬಿನಲ್ಲಿ ಸೇರಿ, ಟ್ರ್ಯಾಕ್ಟರಿನ ಟ್ರೇಲರ್ ಹತ್ತಿ, ಆ ವರ್ಷ ಗೋಧಿ ಬಿತ್ತಿದ ಒಂದು ಹೊಲಕ್ಕೆ ಮಾತ್ರ ಹೋಗುತ್ತಾರೆ. ಮೂರು ವರ್ಷದಲ್ಲಿ ಮೂರೂ ಹೊಲ ಒಂದು ಸುತ್ತು ಮುಗಿಯುತ್ತದೆ.

ಅವರು ನೋಡುವುದು ಮುಖ್ಯವಾಗಿ ಮೂರು. ಹೊಲದ ನಡುವಿನ ಸಾರ್ವಜನಿಕ ದಾರಿಯನ್ನು ಯಾರಾದರೂ ಉತ್ತು ಕಿರಿದು ಮಾಡಿದ್ದಾರೆಯೇ? 'ಸೈಕ್' ಅನ್ನುವ ಹುಲ್ಲಿನ ತಗ್ಗುಗಳಿವೆ, ಒದ್ದೆಯಾದ್ದರಿಂದ ಎಂದೂ ಉಳದೆ ಬಿಟ್ಟ ನೆಲ, ಅದರೊಳಗೆ ನೇಗಿಲು ಹೋಗಿದೆಯೇ? ಕಾಲುವೆ ತೋಡಿದ್ದಾರೆಯೇ? ನಮ್ಮ ಮಾತಿನಲ್ಲಿ ಹೇಳುವುದಾದರೆ ಒತ್ತುವರಿ ತಪಾಸಣೆ. ಗೂಟ ಬಿದ್ದಿದ್ದರೆ ಅಥವಾ ಸರಿದಿದ್ದರೆ ಹಳೆಯ ಗುರುತು ಹಿಡಿದು ಕಣ್ಣಳತೆಯಲ್ಲಿ ಗೆರೆ ನೋಡಿ, ಗುಂಡಿ ತೋಡಿ, ಹೊಸ ಗೂಟ ಹೊಡೆಯುತ್ತಾರೆ.

ಒತ್ತುವರಿ ಬಹುಮಟ್ಟಿಗೆ ಒಂದೇ ಸಲ ಆಗುವುದಲ್ಲ. ವರ್ಷಕ್ಕೆ ಒಂದು ಸಾಲು, ಹತ್ತಂಗುಲ. ಉಳುವವನಿಗೇ ಅದು ಗೊತ್ತಾಗದೆ ಇರಬಹುದು. ಯಾರೂ ನೋಡದಿದ್ದರೆ ಮೂವತ್ತು ವರ್ಷಕ್ಕೆ 25 ಅಡಿ, ಒಂದು ಗಾಡಿದಾರಿಯೇ ಮಾಯ. ಮೂರು ವರ್ಷಕ್ಕೊಮ್ಮೆ ನೋಡಿದರೆ ಹೆಚ್ಚೆಂದರೆ ಎರಡೂವರೆ ಅಡಿ ತಪ್ಪಿರುತ್ತದೆ, ಅದನ್ನು ಅಲ್ಲೇ ತಿದ್ದಬಹುದು. ಜ್ಯೂರಿಯ ಬಲ ದಂಡದ ಮೊತ್ತದಲ್ಲಿಲ್ಲ, ತಪ್ಪದೆ ಬರುವ ಈ ಸರದಿಯಲ್ಲಿದೆ ಅನ್ನುವುದು ನನ್ನ ಅಭಿಪ್ರಾಯ.

ಊಟದ ಹೊತ್ತಿಗೆ ಪಬ್ಬಿಗೆ ವಾಪಸು. ಅಲ್ಲಿ ತಪ್ಪುಗಳ ಪಟ್ಟಿ ಬರೆದು ದಂಡ ನಿಗದಿ ಮಾಡುತ್ತಾರೆ. ಒಂದು ವಾರದ ಮೇಲೆ ಅದೇ ಪಬ್ಬಿನಲ್ಲಿ ಪೂರ್ಣ ಸಭೆ. ಒಡೆಯನ ಪರವಾಗಿ ಸ್ಟುವರ್ಡ್ ಅಧ್ಯಕ್ಷತೆ ವಹಿಸುತ್ತಾನೆ, ಬೇಲಿಫ್ ಸಭೆ ಕರೆಯುತ್ತಾನೆ, ಜ್ಯೂರಿಯ ಪಟ್ಟಿ ಓದಲಾಗುತ್ತದೆ, ಮುಂದಿನ ವರ್ಷದ ಜ್ಯೂರಿ ಪ್ರಮಾಣ ಮಾಡುತ್ತದೆ. 'ಪಿಂಡರ್' ಅಂತ ಇನ್ನೊಂದು ಹುದ್ದೆಯಿದೆ: ಬೀದಿಗೆ ಬಿದ್ದ, ಪೈರಿಗೆ ನುಗ್ಗಿದ ದನವನ್ನು ಹಿಡಿದು ದೊಡ್ಡಿಗೆ ಕೂಡುವವನು. ನಮ್ಮಲ್ಲಿ ಕೊಂಡವಾಡ ಅನ್ನುತ್ತಿದ್ದೆವಲ್ಲ, ಅದೇ.

ಪುಟಾಣಿಗರಿಕೆ

ದಂಡ ಕಟ್ಟುವುದಿಲ್ಲ ಅಂದರೆ ಕಾನೂನಿನ ಬಲ ಇದೆಯೋ, ಅಥವಾ ಬರೀ ಸಂಪ್ರದಾಯವೋ?

ಹಳೆಕಡತ

ಇದೆ. ಇಂಗ್ಲೆಂಡಿನಲ್ಲಿ ಇಂಥ ಹಳೆಯ ನ್ಯಾಯಸಭೆಗಳು ಬೇರೆ ಊರುಗಳಲ್ಲೂ ಸೇರುತ್ತವೆ, ಆದರೆ 1977ರ ಅಡ್ಮಿನಿಸ್ಟ್ರೇಷನ್ ಆಫ್ ಜಸ್ಟಿಸ್ ಆ್ಯಕ್ಟ್ ಅವುಗಳ ನ್ಯಾಯಾಧಿಕಾರವನ್ನು ತೆಗೆದುಹಾಕಿ, ರೂಢಿಯ ಕೆಲಸಗಳನ್ನು ಮಾತ್ರ ಉಳಿಸಿತು. ಅದೇ ಕಾಯ್ದೆ ಲ್ಯಾಕ್ಸ್‌ಟನ್‌ಗೆ ವಿನಾಯಿತಿ ಕೊಟ್ಟಿದೆ. ಮಿಕ್ಕ ಕಡೆ ಮೆರವಣಿಗೆ, ಔತಣ ಆಗಿ ಉಳಿದದ್ದು ಇಲ್ಲಿ ದಂಡ ಹಾಕುವ ಸಭೆಯಾಗಿಯೇ ಇದೆ.

ಇನ್ನೊಂದು ತಪ್ಪು ತಿಳಿವಳಿಕೆ ಬೇಡ. ಬೇಲಿಯಿಲ್ಲ ಅಂದ ಮಾತ್ರಕ್ಕೆ ನೆಲ ಎಲ್ಲರದೂ ಅಲ್ಲ. ಪಟ್ಟಿಗಳನ್ನು ರೈತರು ಗೇಣಿಗೆ ಹಿಡಿದಿರುತ್ತಾರೆ, ಒಡೆತನ ಎಸ್ಟೇಟಿನದು. ಸಾಮುದಾಯಿಕವಾಗಿದ್ದದ್ದು ಸುಗ್ಗಿಯ ನಂತರದ ಮೇವು, ಸೈಕಿನ ಹುಲ್ಲು, ಮತ್ತು ನಿಯಮ. ಸೈಕಿನ ಹುಲ್ಲನ್ನು ಪ್ರತಿ ಬೇಸಿಗೆ ಹರಾಜು ಹಾಕುತ್ತಾರೆ.

ಗುಂಟೆಲೆಕ್ಕ

ಈಗ ನಕ್ಷೆಯ ಮಾತು. ಈ ಊರಿನ ಚರಿತ್ರೆ ಇಷ್ಟು ನಿಖರವಾಗಿ ತಿಳಿದಿರುವುದಕ್ಕೆ ಕಾರಣ ಮಾರ್ಕ್ ಪಿಯರ್ಸ್ ಎಂಬ ಅಳತೆಗಾರ 1635ರಲ್ಲಿ ಮಾಡಿದ ಸರ್ವೆ. ಎರಡು ಭಾಗ: ಒಂದು ಬಣ್ಣದ ದೊಡ್ಡ ನಕ್ಷೆ, ಇನ್ನೊಂದು 'ಟೆರಿಯರ್' ಎಂಬ ಪುಸ್ತಕ. ನಕ್ಷೆಯಲ್ಲಿ ಒಂದೊಂದು ಪಟ್ಟಿಯೂ ಬಿಡಿಬಿಡಿಯಾಗಿದೆ, ಜೊತೆಗೆ ಉಳುವವರ, ಬೇಟೆಯವರ ಪುಟ್ಟ ಚಿತ್ರಗಳಿವೆ. ಪುಸ್ತಕದಲ್ಲಿ ಯಾರ ಕೈಲಿ ಯಾವ ಪಟ್ಟಿ, ಎಷ್ಟು ಎಕರೆ, ರೂಡ್, ಪರ್ಚ್ (ಅಂದರೆ ಚದರ ರಾಡ್) ಅನ್ನುವ ವಿವರವಿದೆ. ನಮ್ಮ ಟಿಪ್ಪಣಿ ಮತ್ತು ಆಕಾರಬಂದ್ ಜೋಡಿಯಂತೆ, ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ಅರ್ಧ ಮಾತ್ರ ತಿಳಿಯುತ್ತದೆ. ನಕ್ಷೆ ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ.

ಇದನ್ನು ಬಳಸುವವರಿಗೆ ಒಂದು ಕ್ರಮ ಹೇಳುತ್ತೇನೆ. ಮೊದಲು ಬದಲಾಗದ ಗುರುತು ಹುಡುಕಿ: ಚರ್ಚು, ಕೋಟೆ ದಿಬ್ಬ, ಬೀದಿಯ ತಿರುವು. ಆಮೇಲೆ ಸೈಕುಗಳನ್ನು ಹೊಂದಿಸಿ, ಅವು ನೀರಿನ ದಾರಿಯಾದ್ದರಿಂದ ಸರಿಯುವುದಿಲ್ಲ. ಕೊನೆಗೆ ಪಟ್ಟಿ. ತಲೆಕೆಳಗಾಗಿ ಮಾಡಿದರೆ, ಅಂದರೆ ಪಟ್ಟಿಯಿಂದ ಶುರು ಮಾಡಿದರೆ, 1903ರ ನಂತರದ ಒಗ್ಗೂಡಿಕೆ ನಿಮ್ಮ ದಾರಿ ತಪ್ಪಿಸುತ್ತದೆ. 1635ರಲ್ಲಿ ಈಸ್ಟ್ ಫೀಲ್ಡ್ ಅಂತ ನಾಲ್ಕನೆಯ, ಚಿಕ್ಕ ಹೊಲವೂ ಇತ್ತು ಅನ್ನುವುದು ನೆನಪಿರಲಿ. ಅದು ಉಳಿದಿಲ್ಲ.

ಇಕ್ಕೇರಿಪುಟ

ಈ ನಕ್ಷೆ ಮಾಡಿಸಿದವನು ಯಾರು ಅನ್ನುವುದನ್ನು ಯಾರೂ ಹೇಳಲಿಲ್ಲ, ಕನ್ನಡದವರು ತಿಳಿಯಲೇಬೇಕಾದ ಸಂಗತಿ ಅದು. ಸರ್ ವಿಲಿಯಂ ಕೋರ್ಟನ್. ಲಂಡನ್ನಿನ ಭಾರಿ ವರ್ತಕ, 1627ರಲ್ಲಿ ಬಾರ್ಬಡೋಸ್ ದ್ವೀಪದಲ್ಲಿ ಇಂಗ್ಲಿಷರ ನೆಲೆ ಹೂಡಲು ಹಣ ಹಾಕಿದವನು. ಲ್ಯಾಕ್ಸ್‌ಟನ್ ಅವನು ಕೊಂಡ ಆಸ್ತಿ. ಕೊಂಡ ಆಸ್ತಿಯಿಂದ ಎಷ್ಟು ಗೇಣಿ ಬರಬೇಕು ಅಂತ ತಿಳಿಯಲು ಅಳತೆ ಬೇಕಿತ್ತು, ನಕ್ಷೆ ಹುಟ್ಟಿದ್ದು ಆ ಕಾರಣಕ್ಕೆ.

ಅದೇ 1635ರ ಡಿಸೆಂಬರಿನಲ್ಲಿ ಒಂದನೆಯ ಚಾರ್ಲ್ಸ್ ದೊರೆ, ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯವನ್ನು ಬದಿಗಿಟ್ಟು, ಕೋರ್ಟನ್ ಕೂಟಕ್ಕೆ ಪೂರ್ವದೇಶಗಳ ವ್ಯಾಪಾರಕ್ಕೆ ಅನುಮತಿ ಕೊಟ್ಟ. 1636ರ ಏಪ್ರಿಲಿನಲ್ಲಿ ಜಾನ್ ವೆಡ್ಡೆಲ್ ಮುಂದಾಳುತನದಲ್ಲಿ ಹಡಗುಗಳು ಹೊರಟವು. ಕೋರ್ಟನ್ ಅದೇ ವರ್ಷ ತೀರಿಕೊಂಡ, ಮಗ ಮುಂದುವರಿಸಿದ. ಹಡಗುಗಳು ಗೋವಾ ಮುಟ್ಟಿ, 1637ರಲ್ಲಿ ಭಟ್ಕಳಕ್ಕೆ ಬಂದವು. ಅಲ್ಲಿಂದ ವರ್ತಕರ ತಂಡ ಘಟ್ಟ ಹತ್ತಿ ಕೆಳದಿಯ ವೀರಭದ್ರ ನಾಯಕನ ಇಕ್ಕೇರಿಗೆ ಹೋಯಿತು. ಜೊತೆಗಿದ್ದ ಪೀಟರ್ ಮಂಡಿ ಆ ಪಯಣವನ್ನು ಬರೆದಿಟ್ಟಿದ್ದಾನೆ. ಬೇಕಿದ್ದದ್ದು ಮೆಣಸು. 1638ರಲ್ಲಿ ಇದೇ ಕೂಟ ಕಾರವಾರದಲ್ಲಿ ಮಳಿಗೆ ತೆರೆಯಿತು, ಸೋಂದೆ ಸೀಮೆಯ ಮೆಣಸು ಅಲ್ಲಿಗೆ ಇಳಿಯುತ್ತಿತ್ತು.

ನಾಟಿಂಗ್‌ಹ್ಯಾಮ್‌ಶೈರಿನ ಜೇಡಿ ನೆಲದ ಪಟ್ಟಿಗಳ ಲೆಕ್ಕ ಬರೆಸಿದ ಮನೆ ಮತ್ತು ಕಾರವಾರದ ಮೆಣಸಿನ ಲೆಕ್ಕ ಬರೆಸಿದ ಮನೆ ಒಂದೇ. ಆದರೆ ಪೂರ್ವದ ವ್ಯಾಪಾರ ಅವರಿಗೆ ಒಲಿಯಲಿಲ್ಲ, ಮಗ ಸಾಲದಲ್ಲಿ ಮುಳುಗಿದ. ಲ್ಯಾಕ್ಸ್‌ಟನ್ 1640ರ ಸುಮಾರಿಗೆ ಪಿಯರ್‌ಪಾಂಟ್ ಮನೆತನಕ್ಕೆ ಹೋಯಿತು.

ನಕ್ಷೆಮನೆ

ಇದು ನನಗೆ ಹೊಸದು, ಮನಸ್ಸು ತುಂಬಿತು. ಉಳಿದದ್ದು ಮೂರನೆಯ ಪ್ರಶ್ನೆ. ಬೇರೆಡೆ ಅಳಿದದ್ದು ಇಲ್ಲಿ ಉಳಿದದ್ದು ಹೇಗೆ?

ಹಳೆಕಡತ

ಬೇರೆಡೆ ಏನಾಯಿತು ಅನ್ನುವುದು ಮೊದಲು. 1604ರಿಂದ 1914ರವರೆಗೆ ಬ್ರಿಟಿಷ್ ಪಾರ್ಲಿಮೆಂಟು ಊರೂರಿಗೆ ಪ್ರತ್ಯೇಕವಾಗಿ 5,200ಕ್ಕೂ ಹೆಚ್ಚು ಬೇಲಿ ಕಾಯ್ದೆಗಳನ್ನು ಮಾಡಿತು, ಸುಮಾರು 68 ಲಕ್ಷ ಎಕರೆಗೆ. ಕಾಯ್ದೆ ತರಿಸಬೇಕಾದರೆ ಊರಿನ ಬಹುಪಾಲು ನೆಲದ ಒಡೆಯರು ಒಪ್ಪಬೇಕು. ಆಮೇಲೆ ಕಮಿಷನರುಗಳು ಬಂದು, ಎಲ್ಲ ಪಟ್ಟಿಗಳನ್ನೂ ಕಲಸಿ, ಒಬ್ಬೊಬ್ಬರಿಗೆ ಒಂದೇ ಕಡೆ ತುಂಡು ಕೊಟ್ಟು, ಬೇಲಿ ಹಾಕಿಸುತ್ತಿದ್ದರು. ಮೇವಿನ ಹಕ್ಕಿನ ಮೇಲೆ ಬದುಕಿದ್ದ ಬಡವರಿಗೆ ಹಕ್ಕೂ ಹೋಗುತ್ತಿತ್ತು, ಸಿಕ್ಕ ಚೂರಿಗೆ ಬೇಲಿ ಹಾಕುವ ಖರ್ಚೂ ಬರುತ್ತಿತ್ತು.

ಲ್ಯಾಕ್ಸ್‌ಟನ್‌ನಲ್ಲಿ ನೆಲ ಇಬ್ಬರು ದೊಡ್ಡ ಒಡೆಯರ ನಡುವೆ ಹಂಚಿಹೋಗಿತ್ತು: ಪಿಯರ್‌ಪಾಂಟ್ ಮನೆತನ, ಅಂದರೆ ಮುಂದೆ ಮ್ಯಾನ್ವರ್ಸ್ ಅರ್ಲ್‌ಗಳಾದವರು, ಮತ್ತು ರಫರ್ಡ್ ಎಸ್ಟೇಟಿನ ಸ್ಕಾರ್ಬರೊ ಅರ್ಲ್‌ಗಳು. ಇಬ್ಬರಿಗೂ ಹೊಂದಾಣಿಕೆ ಆಗಲಿಲ್ಲ. ಅಂಚಿನ ನೆಲ ಅಲ್ಲಲ್ಲಿ ಬೇಲಿಯೊಳಗೆ ಸೇರಿತೇ ಹೊರತು ಪೂರ್ತಿ ಊರು ಸೇರಲಿಲ್ಲ. ಒಪ್ಪಂದ ಸಾಧ್ಯವಾಗುವ ಹೊತ್ತಿಗೆ ಬೇಲಿ ಹಾಕುವ ಲಾಭದ ಕಾಲ ಮುಗಿದಿತ್ತು. ಇದು ಆಕಸ್ಮಿಕ. ಆದರೆ 1952ರ ನಂತರದ್ದು ಆಕಸ್ಮಿಕ ಅಲ್ಲ. ಆರನೆಯ ಅರ್ಲ್ ಮ್ಯಾನ್ವರ್ಸ್ ಆ ವರ್ಷ ಊರನ್ನು ಕೃಷಿ ಸಚಿವಾಲಯಕ್ಕೆ ಮಾರಿದ್ದು ಈ ವ್ಯವಸ್ಥೆ ಉಳಿಯಲಿ ಅಂತಲೇ. 1981ರಲ್ಲಿ ಸಚಿವಾಲಯ ಅದನ್ನು ಕ್ರೌನ್ ಎಸ್ಟೇಟಿಗೆ, ಅಂದರೆ ರಾಜಪಟ್ಟದ ಆಸ್ತಿ ನೋಡಿಕೊಳ್ಳುವ ಸಂಸ್ಥೆಗೆ ಕೊಟ್ಟಿತು. 2020ರಲ್ಲಿ ಕ್ರೌನ್ ಎಸ್ಟೇಟಿನಿಂದ ಥೋರ್ಸ್‌ಬಿ ಎಸ್ಟೇಟಿಗೆ ಬಂತು, ಅದು ಅದೇ ಪಿಯರ್‌ಪಾಂಟ್ ವಂಶದ ಹಳೆಯ ಎಸ್ಟೇಟು.

ಎರೆನೆಲ

ಹಾಗಾದರೆ ಇದನ್ನು ಕಾಪಿಟ್ಟ ವಸ್ತುಸಂಗ್ರಹಾಲಯ ಅನ್ನಬಹುದಲ್ಲವೇ? ಈಗಿನ ಯಂತ್ರ, ಈಗಿನ ಬೀಜ, ಒಡೆಯರ ದಯೆ.

ಮೂಡಣಗಾಳಿ

ನಾನು ಒಪ್ಪುವುದಿಲ್ಲ, ಎರೆನೆಲ ಅವರೇ. ವಸ್ತುಸಂಗ್ರಹಾಲಯದಲ್ಲಿ ಸೋಲು ಇರುವುದಿಲ್ಲ. ಇಲ್ಲಿ ರೈತರು ಮಾರುಕಟ್ಟೆಗೆ ಬೆಳೆಯುತ್ತಾರೆ, ಗೇಣಿ ಕಟ್ಟುತ್ತಾರೆ. ದೊಡ್ಡ ಯಂತ್ರಕ್ಕೆ ಕಿರಿದಾದ ಪಟ್ಟಿಯಲ್ಲಿ ತಿರುವಿನ ನಷ್ಟ ಹೆಚ್ಚು, ಔಷಧಿ ಸಿಂಪಡಿಸುವಾಗ ಗಾಳಿಗೆ ಪಕ್ಕದವನ ಪಟ್ಟಿಗೆ ಬೀಳದಂತೆ ನೋಡಬೇಕು. ಇದನ್ನೆಲ್ಲ ಹೊತ್ತುಕೊಂಡೇ ನಡೆಸುತ್ತಿದ್ದಾರೆ. ಎಂದೂ ಉಳದ ಸೈಕುಗಳಲ್ಲಿ ಹಳೆಯ ಹುಲ್ಲುಗಾವಲಿನ ಗಿಡಗಳು ಉಳಿದಿವೆ, ಅದಕ್ಕಾಗಿ ಅವಕ್ಕೆ ವಿಶೇಷ ವೈಜ್ಞಾನಿಕ ಮಹತ್ವದ ತಾಣ ಎಂಬ ರಕ್ಷಣೆಯಿದೆ. ಡೆವನ್ ಸೀಮೆಯ ಬ್ರಾಂಟನ್ ಗ್ರೇಟ್ ಫೀಲ್ಡ್, ಲಿಂಕನ್‌ಶೈರಿನ ಆ್ಯಕ್ಸ್‌ಹೋಮ್ ಕಡೆ ಪಟ್ಟಿಗಳು ಈಗಲೂ ಇವೆ, ಆದರೆ ಅಲ್ಲಿ ಹೊಲವನ್ನು ಆಳುವ ಸಭೆಯಿಲ್ಲ.

ಎರೆನೆಲ

ಸರಿ, ಸೋಲಿನ ಮಾತು ಒಪ್ಪಿದೆ. ಆದರೆ ಒಡೆಯ ಮಾರಿದರೆ ಏನು ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. 1952, 1981, 2020, ಮೂರು ಸಲವೂ ಕೊಂಡವರು ಉಳಿಸುವವರೇ ಆಗಿದ್ದರು. ಜ್ಯೂರಿ ನೆಲದ ಗಡಿಯನ್ನು ಕಾಯಬಲ್ಲದು, ಮಾರಾಟವನ್ನು ತಡೆಯಲಾರದು.

ಪುಟಾಣಿಗರಿಕೆ

ಉಪಗ್ರಹ ಚಿತ್ರದಲ್ಲಿ ನೋಡಬೇಕಾದರೆ ಯಾವ ತಿಂಗಳು ಒಳ್ಳೆಯದು?

ಗುಂಟೆಲೆಕ್ಕ

ಜೂನ್ ಕೊನೆಯಿಂದ ಆಗಸ್ಟ್ ನಡುವಿನ ಚಿತ್ರ ಹುಡುಕಿ. ಒಂದು ಹೊಲದಲ್ಲಿ ಗೋಧಿ ಹೊಂಬಣ್ಣಕ್ಕೆ ತಿರುಗಿರುತ್ತದೆ, ಮೇವಿನ ಹೊಲ ಹಸಿರಾಗಿರುತ್ತದೆ, ವಸಂತದ ಬೆಳೆಯ ಹೊಲದಲ್ಲಿ ಒಬ್ಬೊಬ್ಬರದು ಒಂದೊಂದು ಬೆಳೆಯಾದ್ದರಿಂದ ಪಟ್ಟಿಗಳ ಅಂಚು ಬಣ್ಣದಲ್ಲೇ ಬೇರೆಯಾಗುತ್ತದೆ. ಚಳಿಗಾಲದ ಚಿತ್ರದಲ್ಲಿ ಎಲ್ಲ ಕಂದು, ಏನೂ ತಿಳಿಯದು. ಬೇಲಿಯ ಸಾಲುಮರವಿಲ್ಲದ ವಿಶಾಲ ಜಾಗ ಎಲ್ಲಿದೆಯೋ ಅಲ್ಲಿ ನಿಲ್ಲಿ, ಹಾವಿನಂತೆ ಹರಿಯುವ ಕಡುಹಸಿರು ಗೆರೆ ಕಂಡರೆ ಅದು ಸೈಕ್. ಅದರ ಅಂಚಿಗೆ ಬಂದು ನಿಂತ ನೇಗಿಲ ಗೆರೆಗಳನ್ನು ಹಿಗ್ಗಿಸಿ ನೋಡಿ, ಜ್ಯೂರಿ ನಡೆದು ನೋಡುವ ಅಂಚು ಅದೇ.